ಉರುಕುಂದಪ್ಪ ಕಿಡಿ ನೋಡಿ ಹೇಳಿದ ಮಾತು

ಬಾಯ್ಲರ್ ಲೋಹಗಳ ಸಂಶೋಧನೆಗೆ ಹೊಸದಾಗಿ ಸೇರುವವರು ಆಗಾಗ ನನಗೆ ಫೋನ್ ಮಾಡುತ್ತಾರೆ. ನಿವೃತ್ತನಾಗಿ ಆದೋನಿಗೆ ಬಂದು ಕೂತವನ ಹತ್ತಿರ ಪುರುಸೊತ್ತು ಧಾರಾಳವಾಗಿರುತ್ತದೆ ಎಂದು ಅವರಿಗೆ ಗೊತ್ತು. ಯಾವ ಪುಸ್ತಕ ಓದಬೇಕು, ಯಾವ ಯಂತ್ರ ಕಲಿಯಬೇಕು ಎಂದು ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಈ ಕೆಲಸದಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಬಹುಶಃ ಏನಾದರೂ ಚಿಕ್ಕ ತಪ್ಪು ಹೇಳಿ ನಗಿಸಿ ಕಳಿಸುತ್ತಿದ್ದೆ. ಅದಕ್ಕೇ ಯಾರೂ ಕೇಳದಿರುವಾಗ ಬರೆಯಲು ಕೂತಿದ್ದೇನೆ.

ನಾನು ಹುಟ್ಟಿದ್ದು ಆದೋನಿಗೆ ಹತ್ತಿರದ, ಆಂಧ್ರದ ಗಡಿಯ ಹೊಳಗುಂದದಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು, ಕೆಲಸಕ್ಕೆ ಸೇರಿದ ಮೇಲೆ ಒಂದಿಷ್ಟು ಹಿಂದಿ. ನಾಲ್ಕು ಭಾಷೆ ಬರುತ್ತವೆ ಎಂದು ನನಗೆ ಜಂಬವಿತ್ತು. ಆ ಜಂಬ ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಲೋಹ ಸಂಶೋಧನೆ ಎಂದರೆ ಬಿಳಿ ಕೋಟು, ತಣ್ಣನೆಯ ಕೋಣೆ, ಸೂಕ್ಷ್ಮದರ್ಶಕ ಅಂದುಕೊಂಡಿದ್ದೆ. ಅವೆಲ್ಲ ಇದ್ದವು, ಆದರೆ ಹೈದರಾಬಾದಿನಲ್ಲಿ. ನನ್ನ ಪಾಲಿಗೆ ಬಂದದ್ದು ಬೂದಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಬಹಳ. ಅದು ಉರಿಯ ಜೊತೆ ಹಾರಿ, ಉಗಿ ಹರಿಯುವ ಉಕ್ಕಿನ ಕೊಳವೆಗಳನ್ನು ಮರಳು ಕಾಗದದಂತೆ ಉಜ್ಜುತ್ತದೆ, ಮೈಗೆ ಮೆತ್ತಿಕೊಂಡು ತಿನ್ನುತ್ತದೆ. ಒಳಗೆ ಉಗಿಯ ಒತ್ತಡ, ಹೊರಗೆ ಬೆಂಕಿ. ಯಾವ ಬಗೆಯ ಉಕ್ಕು ಎಷ್ಟು ಕಾಲ ತಡೆಯುತ್ತದೆ ಎಂದು ಕಂಡುಹಿಡಿಯುವುದು ನಮ್ಮ ವಿಭಾಗದ ಕೆಲಸ. ಪ್ರಯೋಗಾಲಯದ ಕುಲುಮೆಯಲ್ಲಿ ಇದು ಸರಿಯಾಗಿ ಗೊತ್ತಾಗುವುದಿಲ್ಲ. ಬಳಕೆಯಲ್ಲಿರುವ ಬಾಯ್ಲರನ್ನು ನಿಲ್ಲಿಸಿ, ಅದರ ಕೊಳವೆಗಳ ನಡುವೆಯೇ ಪರೀಕ್ಷೆಯ ಕೊಳವೆ ತುಂಡುಗಳನ್ನು ಬೆಸೆದು, ತಿಂಗಳುಗಟ್ಟಲೆ ಉರಿಗೆ ಬಿಟ್ಟು, ಆಮೇಲೆ ಕತ್ತರಿಸಿ ತಂದು ನೋಡಬೇಕು. ಅದಕ್ಕೆ ಯಾರಾದರೂ ತಮ್ಮ ಬಾಯ್ಲರ್ ಕೊಡಬೇಕಲ್ಲ. ಆದೋನಿಯ ಹೊರಗೆ ಒಂದು ಗಿರಣಿಯವರು ತಮ್ಮದೇ ಕಲ್ಲಿದ್ದಲ ವಿದ್ಯುತ್ ಘಟಕ ಇಟ್ಟುಕೊಂಡಿದ್ದರು. ಅವರು ಒಪ್ಪಿದರು. ಈಗ ಆ ಗಿರಣಿಯೂ ಇಲ್ಲ, ಘಟಕವೂ ಇಲ್ಲ. ಸ್ಥಳೀಯ ಭಾಷೆ ಬರುತ್ತದೆ ಎಂದು ನನ್ನನ್ನೇ ಅಲ್ಲಿಗೆ ಹಾಕಿದರು.

ಸೇರಿದ ವರ್ಷದ ಒಂದು ಫಜೀತಿ ಹೇಳುತ್ತೇನೆ. ಕೊಳವೆಯ ಮೇಲೆ ಕೂತ ಬೂದಿಯನ್ನು ಕೆರೆದು ಮಾದರಿ ಮಾಡಿ ಹೈದರಾಬಾದಿಗೆ ಒಯ್ಯಬೇಕಿತ್ತು. ಡಬ್ಬಿ ಮುಗಿದಿದ್ದವು. ಪತ್ರಿಕೆಯ ಹಾಳೆಯಲ್ಲಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಒಯ್ದು ಅಲ್ಲಿನ ಮೇಜಿನ ಮೇಲಿಟ್ಟೆ. ನಮ್ಮ ಲ್ಯಾಬಿನ ಜವಾನರೊಬ್ಬರು, ಪಾಪ ದೈವಭಕ್ತರು, ಊರ ಕಡೆಯಿಂದ ಬಂದವನು ವಿಭೂತಿ ತಂದಿದ್ದಾನೆ ಎಂದುಕೊಂಡು ಒಂದು ಪೊಟ್ಟಣ ಬಿಚ್ಚಿ ಹಣೆತುಂಬ ಹಚ್ಚಿಕೊಂಡರು. ಗಂಧಕ ಸೇರಿದ ಬೂದಿ ಅದು. ಸ್ವಲ್ಪ ಹೊತ್ತಿಗೆಲ್ಲ ಹಣೆ ಉರಿ ಉರಿ ಎಂದು ನಲ್ಲಿಯ ಕೆಳಗೆ ತಲೆ ಇಟ್ಟರು. ನಮ್ಮ ಮೇಲಧಿಕಾರಿ ರಾವ್ ಸಾರ್ ನಕ್ಕು ನಕ್ಕು ಸುಸ್ತಾಗಿ, ಆಮೇಲೆ ನನ್ನನ್ನು ಒಳಗೆ ಕರೆದರು. "ಏಮಯ್ಯಾ, ಪೊಟ್ಟಣದ ಮೇಲೆ ಗುರುತು ಬರೆದಿದ್ದೀಯಾ?" ಎಂದರು. ಬರೆದಿರಲಿಲ್ಲ. ಯಾವುದು ಯಾವ ಕೊಳವೆಯದೆಂದು ನೆನಪಿದೆ ಎಂದೆ. ಅವರ ನಗೆ ನಿಂತುಹೋಯಿತು. ಅಷ್ಟೂ ಪೊಟ್ಟಣಗಳನ್ನು ನನ್ನ ಕೈಯಲ್ಲೇ ಕಸದ ಬುಟ್ಟಿಗೆ ಹಾಕಿಸಿದರು. "ನಿನ್ನ ನೆನಪು ಉಪಕರಣ ಅಲ್ಲ" ಎಂದರು. ನಾನು ತಲೆ ಅಲ್ಲಾಡಿಸಿದೆ. ಒಳಗೆ ಮಾತ್ರ, ಮುದುಕನಿಗೆ ಶಿಸ್ತಿನ ಹುಚ್ಚು ಅಂದುಕೊಂಡೆ.

ರಾವ್ ಸಾರ್ ಕಾಲದಲ್ಲಿ ಎಲ್ಲವೂ ನಿಧಾನ. ಉಕ್ಕಿನ ತುಂಡನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿ, ಆಮ್ಲದಲ್ಲಿ ಅದ್ದಿ, ಸೂಕ್ಷ್ಮದರ್ಶಕದಡಿ ಇಟ್ಟು, ಫಿಲಂ ಮೇಲೆ ಫೋಟೋ ತೆಗೆದು, ಕತ್ತಲ ಕೋಣೆಯಲ್ಲಿ ತೊಳೆದು ಒಣಗಿಸುವಷ್ಟರಲ್ಲಿ ಎರಡು ದಿನ ಆಗುತ್ತಿತ್ತು. ಉಕ್ಕಿನಲ್ಲಿ ಏನೇನು ಬೆರೆತಿದೆ ಎಂದು ತಿಳಿಯಬೇಕಾದರೆ ಸಿಪ್ಪೆ ತೆಗೆದು ರಸಾಯನ ವಿಭಾಗಕ್ಕೆ ಕೊಟ್ಟು ವಾರ ಕಾಯಬೇಕು. ಈಗ ಗುಂಡು ಹೊಡೆಯುವ ಪಿಸ್ತೂಲಿನಂಥ ಯಂತ್ರ ಬಂದಿದೆ. ಕೊಳವೆಗೆ ಮುಟ್ಟಿಸಿ ಕುದುರೆ ಒತ್ತಿದರೆ ಕ್ರೋಮಿಯಂ ಎಷ್ಟು, ಮಾಲಿಬ್ಡಿನಂ ಎಷ್ಟು ಎಂದು ಕೂಡಲೇ ಪರದೆಯ ಮೇಲೆ ಬರೆಯುತ್ತದೆ. ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಉಳಿದವರು ಚಪ್ಪಾಳೆ ತಟ್ಟಿದರು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಅಂಥದೇ ಯಂತ್ರ ನನಗೆ ಹಿಂದೊಮ್ಮೆ ಪುಕ್ಕಟೆಯಾಗಿ ಸಿಕ್ಕಿತ್ತು. ಅದು ಮಾತಾಡುತ್ತಿತ್ತು ಕೂಡ. ನಾನೇ ಬಾಯಿ ಮುಚ್ಚಿಸಿದ್ದೆ.

ಅವನ ಹೆಸರು ಉರುಕುಂದಪ್ಪ. ಕೋಸಗಿಯ ಹತ್ತಿರದ ಹಳ್ಳಿಯವನು. ಮನೆಯಲ್ಲಿ ಕುರಿ ಇದ್ದವು, ಅಣ್ಣತಮ್ಮಂದಿರು ಮೇಯಿಸುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಆ ಕಡೆಯ ಜನ ದೂರದ ಊರುಗಳಿಗೆ ದುಡಿಯಲು ಹೋಗುವಾಗ ಇವನು ಮಾತ್ರ ಆದೋನಿಗೆ ಬಂದು, ನಮ್ಮ ಘಟಕದ ಗುತ್ತಿಗೆದಾರನ ಕೈಕೆಳಗೆ ಗ್ರೈಂಡರ್ ಹಿಡಿಯುತ್ತಿದ್ದ. ಬೆಸುಗೆಗೆ ಮುಂಚೆ ಕೊಳವೆಯ ತುದಿಯನ್ನು ಓರೆಯಾಗಿ ಉಜ್ಜುವುದು, ಬೆಸುಗೆಯಾದ ಮೇಲೆ ಮೇಲಿನ ಉಬ್ಬನ್ನು ತೆಗೆಯುವುದು ಅವನ ಕೆಲಸ. ಅವನನ್ನು ಆ ಕೆಲಸಕ್ಕೆ ತಂದವನು ಮಾಬುಸಾಬ್, ಆದೋನಿಯವನೇ, ಬಾಯ್ಲರಿನ ಉರಿ ನೋಡಿಕೊಳ್ಳುವ ಫೈರ್‌ಮನ್. ಇಬ್ಬರದೂ ಒಂದೇ ವಯಸ್ಸು. ಮಧ್ಯಾಹ್ನ ಒಬ್ಬನ ರೊಟ್ಟಿ, ಇನ್ನೊಬ್ಬನ ಪಲ್ಯ. ಜಗಳವಾಡಿಕೊಂಡೇ ಉಣ್ಣುತ್ತಿದ್ದರು.

"ಇವನ ಕೈಗೆ ಮಿಶನ್ ಕೊಟ್ರ ಸಾಕ್ರಿ ಸಾರ್, ಹೆಂಡ್ತಿ ಮಕ್ಕಳ ನೆಪ್ಪ ಇರಂಗಿಲ್ಲ ಇವನಿಗೆ" ಎಂದು ಮಾಬುಸಾಬ್ ರೇಗಿಸುವನು.

"ನಿನಗ ಉರಿ ನೋಡಿ ನೋಡಿ ಕಣ್ಣು ಹೋಗ್ಯಾವ, ಅದಕ್ಕ ಯಾರ ಪಲ್ಯಾ ಯಾರದಂತ ಕಾಣವಲ್ದು ನಿನಗ" ಎಂದು ಇವನು ಅವನ ಕೈಯನ್ನು ತನ್ನ ಡಬ್ಬಿಯಿಂದ ತಳ್ಳುವನು.

ನನ್ನನ್ನು ಇಬ್ಬರೂ 'ನಮ್ಮ ಹೊಳಗುಂದದ ಸಾರ್' ಎನ್ನುತ್ತಿದ್ದರು. ಅಲ್ಲಿ ಉಳಿದ ಸಾಹೇಬರೆಲ್ಲ ಹೊರಗಿನವರು. ನಾನೊಬ್ಬ ಅವರವನು. ಅದು ನನಗೆ ಹಿತವಾಗಿತ್ತು.

ಆ ವರ್ಷ ಆರು ತುಂಡುಗಳನ್ನು ಒಳಗೆ ಹಾಕಬೇಕಿತ್ತು. ಐದು ಕ್ರೋಮಿಯಂ ಬೆರೆತ ಬೇರೆ ಬೇರೆ ಉಕ್ಕಿನವು, ಅತ್ಯಂತ ಕಾವಿರುವ ಜಾಗಕ್ಕೆ. ಆರನೆಯದು ಸಾದಾ ಉಕ್ಕು. ಅದು ಅಷ್ಟು ಕಾವು ತಾಳುವುದಿಲ್ಲ, ಹೋಲಿಕೆಗೆಂದು ಹಿಂದಿನ ತಂಪು ಜಾಗಕ್ಕೆ ಹೋಗಬೇಕು. ಆರೂ ನೋಡಲು ಒಂದೇ ಥರ, ಅದೇ ಗಾತ್ರ, ಅದೇ ದಪ್ಪ. ನಿಯಮದ ಪ್ರಕಾರ ಪ್ರತಿ ತುಂಡಿನ ಮೇಲೆ ಕೊರೆಯುವ ಯಂತ್ರದಿಂದ ಸಂಖ್ಯೆ ಬರೆಯಬೇಕು. ಯಂತ್ರ ಕೆಟ್ಟಿತ್ತು. ಹೈದರಾಬಾದಿನಿಂದ ಬೇರೆ ತರಿಸಬಹುದಿತ್ತು. ನಾನು ಸದ್ಯಕ್ಕಿರಲಿ ಎಂದು ಸೀಮೆಸುಣ್ಣದಲ್ಲಿ ಬರೆದು ಚೌಕಟ್ಟಿನ ಮೇಲೆ ಸಾಲಾಗಿ ಇಟ್ಟೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ದುಡಿಯುವ ಜನ ಏನು ಮಾಡುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು. ಹಿಂದಿನ ದಿನ ಇಡೀ ಕಾರ್ಖಾನೆಯ ಕೋಣೆಯನ್ನು ತೊಳೆಯುತ್ತಾರೆ. ಸುತ್ತಿಗೆ, ಸ್ಪಾನರ್, ಗ್ರೈಂಡರ್, ಕಬ್ಬಿಣವೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿ ಬೆಳಗುತ್ತಾರೆ. ನಾನು ಆ ದಿನ ಹೊಳಗುಂದಕ್ಕೆ ಹೋಗಿದ್ದೆ. ಹಬ್ಬದ ಬೆಳಿಗ್ಗೆ ಬಂದು ನೋಡಿದರೆ ನನ್ನ ಆರೂ ಕೊಳವೆಗಳು ಫಳಫಳ ಹೊಳೆಯುತ್ತ, ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡುಹೂ ಇಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದವು. ಸೀಮೆಸುಣ್ಣದ ಒಂದು ಗೆರೆಯೂ ಉಳಿದಿರಲಿಲ್ಲ. ಇಟ್ಟ ಕ್ರಮವೂ ತಪ್ಪಿತ್ತು.

ಉರುಕುಂದಪ್ಪ ಕೈ ಒರೆಸಿಕೊಳ್ಳುತ್ತ ಬಂದ. ನನ್ನ ಮುಖ ನೋಡಿದನೆಂದು ಕಾಣುತ್ತದೆ.

"ಎಲ್ಲಾ ನಾನೇ ತಿಕ್ಕಿದ್ನಿರಿ ಸಾರ್. ಏನರ ಗುರ್ತು ಹೋತೇನ್ರಿ?"

"ಇಲ್ಲಪ್ಪ, ಏನೂ ಹೋಗಿಲ್ಲ" ಎಂದೆ.

ಯಾಕೆ ಹಾಗಂದೆ? ಇವತ್ತು ನೂರು ಕಾರಣ ಹೇಳಬಲ್ಲೆ. ನಿಜವಾದದ್ದು ಒಂದೇ. ಗುರುತು ಹೋಯಿತು ಎಂದರೆ ಗುರುತು ಹೇಗೆ ಹಾಕಿದ್ದೆ ಎಂದು ರಾವ್ ಸಾರ್ ಕೇಳುತ್ತಿದ್ದರು. ಬಾಯ್ಲರ್ ನಿಲ್ಲಿಸಿದ್ದು ವಾರದ ಮಟ್ಟಿಗೆ ಮಾತ್ರ. ತುಂಡುಗಳನ್ನು ಪರೀಕ್ಷೆಗೆ ಕಳಿಸಿದರೆ ಆ ವರ್ಷದ ಪ್ರಯೋಗವೇ ಹೋಗುತ್ತಿತ್ತು. ನಾನು ಒಂದೊಂದನ್ನೇ ಎತ್ತಿ, ತೂಗಿ, ತಿರುಗಿಸಿ, ಗೀರುಗಳನ್ನು ನೆನಪು ಮಾಡಿಕೊಂಡು ಮತ್ತೆ ಸಂಖ್ಯೆ ಬರೆದೆ. ಈ ಸಲ ಪೇಂಟಿನಲ್ಲಿ ಬರೆದೆ, ಖಚಿತವಾಗಿ ಕಾಣಲಿ ಎಂದು.

ಮರುದಿನ ಉರುಕುಂದಪ್ಪ ತುದಿಗಳನ್ನು ಉಜ್ಜಲು ಕೂತ. ಮೂರು ತುಂಡು ಮುಗಿಸಿ ನಾಲ್ಕನೆಯದಕ್ಕೆ ಗ್ರೈಂಡರ್ ಇಟ್ಟವನು ನಿಲ್ಲಿಸಿದ. ಮತ್ತೆ ಇಟ್ಟ, ಮತ್ತೆ ನಿಲ್ಲಿಸಿದ. ಉಳಿದ ಎರಡನ್ನೂ ಸ್ವಲ್ಪ ಸ್ವಲ್ಪ ಉಜ್ಜಿ ನೋಡಿದ. ಆಮೇಲೆ ನನ್ನ ಹತ್ತಿರ ಬಂದ.

"ಸಾರ್, ಇದರ ಕಿಡಿ ಬ್ಯಾರಿ ಅದಾವ್ರಿ. ಉಳಿದವು ಕೆಂಪಗ, ಸಣ್ಣಗ ಬರ್ತಾವ. ಇದು ಬೆಳ್ಳಗ, ಉದ್ದಕ, ತುದೀಲಿ ಒಡದು ಬರ್ತೈತಿ. ನೀವು ಹಿಂದಿನ ಜಾಗಕ್ಕಂತ ಇಟ್ಟೀರಲ್ಲ, ಅದು ನೋಡಿದ್ರ ಕೆಂಪಗ ಬರ್ತೈತಿ. ಪೈಪು ಅದಲಿ ಬದಲಿ ಆಗ್ಯಾವೇನೋ, ನೋಡ್ರಿ."

ಹೊಸಬರಿಗೆ ಒಂದು ಮಾತು. ಕಿಡಿ ನೋಡಿ ಉಕ್ಕಿನ ಜಾತಿ ಹೇಳುವುದು ಹಳ್ಳಿಯ ಮೂಢನಂಬಿಕೆಯಲ್ಲ. ನಮ್ಮ ಪಠ್ಯದಲ್ಲೇ ಇದೆ, ಪರೀಕ್ಷೆಗೆ ಓದಿ ಅಂಕ ತೆಗೆದುಕೊಂಡಿದ್ದೇನೆ. ಕ್ರೋಮಿಯಂ ಬೆರೆತರೆ ಕಿಡಿ ಮಂಕಾಗುತ್ತದೆ, ಕವಲು ಒಡೆಯುವುದು ಕಡಿಮೆಯಾಗುತ್ತದೆ. ಅವನು ಹೇಳಿದ್ದು ಅಕ್ಷರಶಃ ಅದೇ. ನಾನು ಎದ್ದು ಹೋಗಿ ನೋಡಿದ್ದರೆ ಮುಗಿದಿತ್ತು. ಹತ್ತು ಹೆಜ್ಜೆಯ ದಾರಿ.

"ಕಿಡಿ ನೋಡಿ ಉಕ್ಕು ಹೇಳಾಕ ನೀ ಏನು ಲ್ಯಾಬೇನು? ಉಜ್ಜು ಅಂದಿದ್ದನ್ನ ಉಜ್ಜು" ಎಂದೆ.

ಸುತ್ತ ನಾಲ್ಕಾರು ಜನ ನಕ್ಕರು. ಅವನೂ ಸ್ವಲ್ಪ ನಕ್ಕ. ಹೋಗಿ ಉಜ್ಜಿದ.

ಐದು ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ನಾಲ್ಕನೆಯ ತುಂಡು ಒಡೆಯಿತು. ಕಾವಿಗೆ ಉಬ್ಬಿ ಉಬ್ಬಿ, ಮೀನಿನ ಬಾಯಿಯ ಹಾಗೆ ಉದ್ದಕ್ಕೆ ಬಿಟ್ಟುಕೊಂಡಿತ್ತು. ಒಳಗಿನ ಉಗಿ ಒಮ್ಮೆಲೇ ಕುಲುಮೆಗೆ ನುಗ್ಗಿ, ಉರಿಯನ್ನೂ ಸುಡುವ ಬೂದಿಯನ್ನೂ ಹೊರಗೆ ದಬ್ಬಿತು. ಆ ಹೊತ್ತಿಗೆ ಸರಿಯಾಗಿ ಮಾಬುಸಾಬ್ ಉರಿಯ ಬಣ್ಣ ನೋಡಲು ಸಣ್ಣ ಬಾಗಿಲು ತೆರೆದು ನಿಂತಿದ್ದ. ಮುಖವನ್ನು ತೋಳಿನಿಂದ ಮುಚ್ಚಿಕೊಂಡದ್ದರಿಂದ ಕಣ್ಣು ಉಳಿದವು. ಕುತ್ತಿಗೆ, ಭುಜ, ಬಲಗೈ ಸುಟ್ಟವು. ಅವನನ್ನು ಎತ್ತಿಕೊಂಡು ಜೀಪಿಗೆ ಹಾಕಿದವರಲ್ಲಿ ಉರುಕುಂದಪ್ಪನೂ ಇದ್ದ. ನಾನು ಹೈದರಾಬಾದಿನಲ್ಲಿದ್ದೆ.

ಒಡೆದ ತುಂಡು ಪರೀಕ್ಷೆಗೆ ಬಂದದ್ದು ನನ್ನ ಮೇಜಿಗೇ. ಅದನ್ನು ಹಾಕಿದವನು ನಾನಾದ್ದರಿಂದ ಅದು ಯಾಕೆ ಒಡೆಯಿತೆಂದು ಹೇಳುವವನೂ ನಾನೇ ಎಂದು ಎಲ್ಲರೂ ಸಹಜವಾಗಿ ಭಾವಿಸಿದರು. ಇದು ತಪ್ಪು ಪದ್ಧತಿ. ನಿಮ್ಮಲ್ಲಿ ಈಗಲೂ ಹಾಗೇ ಇದ್ದರೆ ಬದಲಾಯಿಸಿ. ತುಂಡನ್ನು ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟೆ. ಒಂದು ನೋಟಕ್ಕೆ ತಿಳಿಯಿತು. ಸಾದಾ ಉಕ್ಕು ತಾಳಲಾರದ ಕಾವಿನಲ್ಲಿ ತಿಂಗಳುಗಟ್ಟಲೆ ಕೂತರೆ ಹೇಗೆ ಕಾಣುತ್ತದೋ ಹಾಗೇ ಕಾಣುತ್ತಿತ್ತು. ನನ್ನ ಪಟ್ಟಿಯ ಪ್ರಕಾರ ಅದು ಕ್ರೋಮಿಯಂ ಉಕ್ಕು. ಎದ್ದು ಹೋಗಿ ರಾವ್ ಸಾರ್‌ಗೆ ಹೇಳೋಣ ಎಂದು ಅವರ ಕೋಣೆಯ ಬಾಗಿಲತನಕ ಹೋದೆ. ಅವರು ಯಾರ ಜೊತೆಗೋ ಮಾತಾಡುತ್ತಿದ್ದರು. ಅಷ್ಟು ಸಾಕಾಯಿತು ನನಗೆ ಹಿಂದಿರುಗಲು.

ಒಡೆದ ಜಾಗದಿಂದ ಒಂದು ಗೇಣು ದೂರದಲ್ಲಿ ಬೆಸುಗೆ ಇತ್ತು. ಅದರ ಪಕ್ಕದಲ್ಲಿ ಉಜ್ಜಿದ ಗೆರೆಗಳಿದ್ದವು, ಎಲ್ಲ ಬೆಸುಗೆಗೂ ಇರುವಂಥವು. ಉಬ್ಬಿ ಒಡೆದ ಕೊಳವೆಯ ಗೋಡೆ ಹೇಗೂ ತೆಳುವಾಗಿರುತ್ತದೆ. ನಾನು ವರದಿ ಬರೆದೆ. ಬೆಸುಗೆಯ ಬಳಿ ಅತಿಯಾಗಿ ಉಜ್ಜಿದ್ದರಿಂದ ಗೋಡೆ ತೆಳುವಾಗಿ ಒಡೆದಿರಬಹುದು ಎಂದು ಬರೆದೆ. 'ಇರಬಹುದು' ಎಂಬ ಪದ ಹಾಕಿದ್ದರಿಂದ ಸುಳ್ಳು ಹೇಳಿದಂತಾಗಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ರಾಸಾಯನಿಕ ಪರೀಕ್ಷೆಯ ಕಾಲಂನಲ್ಲಿ 'ಅಗತ್ಯ ಕಂಡುಬರಲಿಲ್ಲ' ಎಂದು ಬರೆದೆ.

ರಾವ್ ಸಾರ್ ಓದಿ ಆ ಕಾಲಂ ಮೇಲೆ ಬೆರಳಿಟ್ಟರು. "ಯಾಕೆ ಮಾಡಲಿಲ್ಲ?"

"ಉಕ್ಕು ಯಾವುದೆಂದು ಗೊತ್ತೇ ಇದೆಯಲ್ಲ ಸಾರ್, ಗುರುತಿದೆ" ಎಂದೆ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ ಸಹಿ ಹಾಕಿದರು. ನನ್ನನ್ನು ಅವರು ನಂಬಿದರು ಎಂಬುದಕ್ಕೆ ಇವತ್ತಿಗೂ ನನಗೆ ಮುಖ ಎತ್ತಲಾಗುವುದಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು.

ವಿಮೆಯವರು ವಿಚಾರಣೆಗೆ ಉತ್ತರದ ಕಡೆಯ ಒಬ್ಬ ಅಧಿಕಾರಿಯನ್ನು ಕಳಿಸಿದರು. ಸಭ್ಯ ಮನುಷ್ಯ. ಕೆಲಸಗಾರರು ಹೆದರದೆ ಮಾತಾಡಲಿ ಎಂದು ಗಿರಣಿಯ ಮ್ಯಾನೇಜರರನ್ನು ಹೊರಗೆ ಕಳಿಸಿ ಒಬ್ಬೊಬ್ಬರನ್ನೇ ಕರೆಸಿದರು. ಅವರಿಗೆ ಕನ್ನಡವೂ ಬಾರದು, ತೆಲುಗೂ ಬಾರದು. ಉರುಕುಂದಪ್ಪನಿಗೆ ಇಂಗ್ಲಿಷು, ಹಿಂದಿ ಎರಡೂ ದೂರ. ಅನುವಾದ ಮಾಡಲು ಹೊಳಗುಂದದ ಸಾರ್ ಇದ್ದರಲ್ಲ.

ಉರುಕುಂದಪ್ಪ ಕುರ್ಚಿಯ ಅಂಚಿನಲ್ಲಿ ಕೂತ. ತೊಳೆದ ಅಂಗಿ ಹಾಕಿಕೊಂಡು ಬಂದಿದ್ದ. ಕೊಳವೆಯನ್ನು ತೆಳುವಾಗಿಸಿದೆಯಾ ಎಂದು ಅಧಿಕಾರಿ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

"ಇಲ್ಲರಿ. ಮಿಶನ್ ಹಿಡಿದು ಹದಿನಾಲ್ಕು ವರ್ಷ ಆತು. ಬೆಸುಗಿ ಮ್ಯಾಲಿನ ಉಬ್ಬು ಅಷ್ಟ ತೆಗದೀನಿ, ಪೈಪಿನ ಮೈ ತಿನ್ನಂಗ ಮಿಶನ್ ಹಿಡಿದಿಲ್ಲ. ಆದ್ರ ಆ ಪೈಪಿನ ಕಿಡಿ ಬ್ಯಾರಿ ಇದ್ದುವ್ರಿ. ಬೆಳ್ಳಗ, ಉದ್ದಕ, ತುದೀಲಿ ಒಡದು ಬರ್ತಿದ್ದುವು. ಪೈಪು ಅದಲಿ ಬದಲಿ ಆಗ್ಯಾವ, ನೋಡ್ರಿ ಅಂತ ಅವತ್ತೇ ಹೇಳಿದ್ದೆ."

ಯಾರಿಗೆ ಹೇಳಿದ್ದೆ ಎಂಬುದನ್ನು ಅವನು ಬಿಟ್ಟ. ನನ್ನ ಕಡೆ ಒಮ್ಮೆ ನೋಡಿ ಬಿಟ್ಟ. ಆ ಜಾಗವನ್ನು ನಾನೇ ತುಂಬಲಿ ಎಂದು ಬಿಟ್ಟಿದ್ದ.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ತಾನು ತೆಳುವಾಗಿಸಿಲ್ಲ, ಹದಿನಾಲ್ಕು ವರ್ಷದ ಅನುಭವವಿದೆ, ಬೆಸುಗೆಯ ಉಬ್ಬನ್ನು ಮಾತ್ರ ತೆಗೆದಿದ್ದೇನೆ ಎನ್ನುತ್ತಾನೆ.

"ಅಷ್ಟೇನಾ?" ಎಂದರು ಅಧಿಕಾರಿ.

"ಅಷ್ಟೇ" ಎಂದೆ.

ಉಜ್ಜಿದ ಮೇಲೆ ದಪ್ಪ ಅಳೆದಿದ್ದೀಯಾ ಎಂದು ಮುಂದಿನ ಪ್ರಶ್ನೆ. ಅವನ ಕೈಗೆ ಅಳೆಯುವ ಉಪಕರಣ ಕೊಟ್ಟವರೇ ಇರಲಿಲ್ಲ. ಇಲ್ಲ ಎಂದ. ಅದನ್ನು ಮಾತ್ರ ಒಂದಕ್ಷರ ಬಿಡದೆ ಅನುವಾದಿಸಿದೆ.

ಆ ದಿನದಿಂದ ಗುತ್ತಿಗೆದಾರ ಅವನನ್ನು ಕರೆಯಲಿಲ್ಲ. ಸುತ್ತಮುತ್ತಲ ಗಿರಣಿಗಳವರೂ ಕರೆಯಲಿಲ್ಲ. ಕೋಸಗಿ ಕಡೆಯಿಂದ ಬರುವ ಕೆಲಸಗಾರರಲ್ಲಿ ಅವನಿಗೆ 'ಪೈಪು ತೆಳು ಮಾಡಿದಾವ' ಎಂಬ ಹೆಸರು ನಿಂತಿತು. ಮಾಬುಸಾಬ್ ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಫೈರ್‌ಮನ್ ಕೆಲಸ ಮತ್ತೆ ಮಾಡಲಾಗಲಿಲ್ಲ. ಗೆಳೆಯನ ಅಜಾಗರೂಕತೆಯಿಂದ ತಾನು ಸುಟ್ಟೆ ಎಂದು ಅವನಿಗೆ ಕಾಗದದ ಮೇಲೆ ಬರೆದು ತೋರಿಸಲಾಗಿತ್ತು. ಆ ಕಾಗದ ನನ್ನದು.

ನಾನೇನು ಮಾಡಿದೆ? ಆಮೇಲೂ ಇಪ್ಪತ್ತು ವರ್ಷ ನೌಕರಿ ಮಾಡಿದೆ. ಉಳಿದ ಐದು ತುಂಡುಗಳ ಅಂಕಿಗಳನ್ನು ಪ್ರಬಂಧವಾಗಿ ಪ್ರಕಟಿಸಿದೆ. ಹಿಂದಿನ ತಂಪು ಜಾಗದಲ್ಲಿದ್ದ ತುಂಡು ಅದ್ಭುತವಾಗಿ ತಡೆದಿತ್ತು. ತಡೆಯದೆ ಏನು, ಅದು ಕ್ರೋಮಿಯಂ ಉಕ್ಕು. ಸಾದಾ ಉಕ್ಕೂ ಇಷ್ಟು ಬಾಳುತ್ತದೆ ಎಂದು ಬರೆದೆ. ನಿವೃತ್ತಿಯಾದ ಮೇಲೆ ಸಂಶೋಧನಾಲಯಕ್ಕೆ ಪತ್ರ ಹಾಕಿ, ಆ ಪ್ರಬಂಧ ತಪ್ಪು, ಆ ವರದಿ ಸುಳ್ಳು ಎಂದು ತಿಳಿಸಿದೆ. ಸೌಜನ್ಯದ ಉತ್ತರ ಬಂತು. ಪ್ರಬಂಧದ ಜೊತೆ ತಿದ್ದುಪಡಿ ಸೇರಿಸುತ್ತಾರಂತೆ, ವರದಿಯ ಕಡತ ಹಳೆಯದಾಗಿ ವಿಲೇವಾರಿಯಾಗಿದೆಯಂತೆ. ಕಾಗದಕ್ಕೆ ಕಾಗದ ಸರಿಹೋಯಿತು. ಮನುಷ್ಯರು ಉಳಿದರು.

ಹೋದ ಚಳಿಗಾಲದಲ್ಲಿ ಆದೋನಿಯಲ್ಲಿ ಪ್ಯಾಸೆಂಜರ್ ಹತ್ತಿ ಕೋಸಗಿಯಲ್ಲಿಳಿದು, ಆಟೋ ಹಿಡಿದು ಅವನ ಹಳ್ಳಿಗೆ ಹೋದೆ. ಉರುಕುಂದಪ್ಪ ಮನೆಯ ಮುಂದೆ ಕೂತು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಗಳನ್ನು ಸಾಣೆ ಹಿಡಿಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು, ಸಾಣೆಕಲ್ಲಿನ ಪಕ್ಕದ ಹಲಗೆಯನ್ನು ಒರೆಸಿ ಕೂರಿಸಿದ. ಮನೆಯವರ ಆರೋಗ್ಯ ಕೇಳಿದ. ಅಷ್ಟು ಮರ್ಯಾದೆ ಮಾಡದಿದ್ದರೆ ನನಗೆ ಹೇಳುವುದು ಸುಲಭವಾಗುತ್ತಿತ್ತು.

"ಅವತ್ತು ವಿಚಾರಣೆಯೊಳಗ ನೀ ಹೇಳಿದ್ದರಾಗ ಒಂದು ಮಾತು ನಾನು ಆ ಸಾಹೇಬ್ರಿಗೆ ಹೇಳಲಿಲ್ಲ, ಉರುಕುಂದಪ್ಪ" ಎಂದೆ.

"ಗೊತ್ತೈತ್ರಿ" ಎಂದ. ಕೈ ಕೆಲಸ ಬಿಡಲಿಲ್ಲ.

"ಹೆಂಗ ಗೊತ್ತಾತು?"

"ಅಂಥಾ ಮಾತು ಕೇಳಿದ ಮ್ಯಾಲೆ ಯಾರಾದ್ರೂ ತಿರುಗಿ ಕೇಳ್ತಾರಲ್ಲರಿ. ಕಿಡಿ ಅಂದ್ರ ಏನು, ಯಾರಿಗೆ ಹೇಳಿದ್ದಿ ಅಂತ. ಆ ಸಾಹೇಬ ಏನೂ ಕೇಳಲಿಲ್ಲ. ಅವಾಗ ತಿಳೀತು."

"ಮ್ಯಾನೇಜರ್‌ಗೆ ತೆಲುಗಿನ್ಯಾಗ ಹೇಳಬಹುದಿತ್ತಲ್ಲಪ್ಪ."

"ಹೇಳಿದ್ನಿರಿ. ಸಾರ್ ಬರದು ಕೊಟ್ಟಾರ, ನೀ ಏನು ಹೇಳ್ತಿ ಅಂದ್ರು." ಕತ್ತರಿಯ ಅಲಗನ್ನು ಹೆಬ್ಬೆರಳಿನ ಮೇಲೆ ಆಡಿಸಿ ನೋಡಿದ. "ನನಗ ಇನ್ನೊಂದು ತಿಳೀದ ಮಾತೈತಿ ಸಾರ್. ಹಬ್ಬಕ್ಕ ತಿಕ್ಕಿದಾವ ನಾನೇ ಅಲ್ಲೇನ್ರಿ. ಗುರ್ತು ಹೋತೇನ್ರಿ ಅಂತ ಕೇಳಿದ್ದೆ, ಇಲ್ಲ ಅಂದಿದ್ರಿ. ಹಂಗಾದ್ರ ಪೈಪು ಹೆಂಗ ಬದಲಾದುವು ಅಂತ ಭಾಳ ವಿಚಾರ ಮಾಡೀನಿ. ನಾನೇ ಬೆಸುಗಿ ಹತ್ರ ಒಯ್ಯುವಾಗ ಹಿಂದ ಮುಂದ ಮಾಡಿದ್ನೇನೋ ಅಂತ."

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ತನ್ನ ಕೈಯನ್ನೇ ಅನುಮಾನಿಸಿಕೊಂಡಿದ್ದ. ಅವನ ಹೆಸರು ಕೆಡಿಸಿದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಸೀಮೆಸುಣ್ಣದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಹೇಸಿಗೆಯಾಯಿತು. ಕ್ಷಮಿಸು ಎಂದೆ. ಅವನು ಆ ಮಾತನ್ನು ಕೇಳಿಸಿಕೊಳ್ಳದವನಂತೆ ಸಾಣೆ ನಿಲ್ಲಿಸಿ ಎದ್ದ, ಹೆಗಲ ಮೇಲೆ ಟವಲು ಹಾಕಿಕೊಂಡ.

"ನನಗ್ಯಾಕ ಹೇಳ್ತೀರಿ, ನನಗ ಗೊತ್ತಿದ್ದ ಮಾತು. ಮಾಬುಸಾಬ್‌ಗ ಗೊತ್ತಿಲ್ಲ. ನಡೀರಿ."

ಇಬ್ಬರೂ ರೈಲು ಹತ್ತಿದೆವು. ಆದೋನಿಯಲ್ಲಿ ಮಾಬುಸಾಬನ ಓಣಿ ನನಗೆ ತಿಳಿಯದು. ಉರುಕುಂದಪ್ಪ ಯಾರನ್ನೂ ಕೇಳದೆ ನೇರ ನಡೆದ. ಮಾಬುಸಾಬ್ ಮನೆಯ ಮುಂದಿನ ಮಂಚದ ಮೇಲೆ ಬಿಸಿಲಿಗೆ ಕೂತಿದ್ದ. ಸುಟ್ಟ ಚರ್ಮ ಬಿಗಿದುಕೊಂಡು ಅವನ ಕುತ್ತಿಗೆ ಅತ್ತಿತ್ತ ತಿರುಗುವುದಿಲ್ಲ. ಯಾರು ಬಂದರೆಂದು ನೋಡಲು ಇಡೀ ಮೈಯನ್ನೇ ತಿರುಗಿಸಿದ. ಉರುಕುಂದಪ್ಪನನ್ನು ನೋಡಿ ಮುಖ ಗಂಟಿಕ್ಕಿತು. ನನ್ನನ್ನು ನೋಡಿ ಏಳಲು ಹೋದ.

ನಾನು ನಿಂತೇ ಶುರು ಮಾಡಿದೆ. ಆ ಕಾಲದ ಪರೀಕ್ಷಾ ಪದ್ಧತಿಯಲ್ಲಿ ಕೆಲವು ಲೋಪಗಳಿದ್ದವು, ಗುರುತು ಹಾಕುವ ವ್ಯವಸ್ಥೆ ಸರಿಯಿರಲಿಲ್ಲ ಎಂದು. ವರದಿ ಬರೆದು ಬರೆದು ಬಾಯಿಗೆ ಅದೇ ರೂಢಿಯಾಗಿತ್ತು.

"ಹಂಗಲ್ಲರಿ ಸಾರ್" ಎಂದ ಉರುಕುಂದಪ್ಪ. ದನಿ ಏರಿಸಲಿಲ್ಲ. "ಅವತ್ತು ನಾ ಹೇಳಿದ್ದನ್ನ ಹೇಳ್ರಿ. ಪೂರಾ ಹೇಳ್ರಿ."

ಹೇಳಿದೆ. ಪೈಪಿನ ಕಿಡಿ ಬೇರೆ ಇತ್ತು, ಬೆಳ್ಳಗೆ, ಉದ್ದಕ್ಕೆ, ತುದಿಯಲ್ಲಿ ಒಡೆದು ಬರುತ್ತಿತ್ತು, ಪೈಪು ಅದಲಿ ಬದಲಿಯಾಗಿವೆ ನೋಡಿ ಎಂದು ಅವನು ಹೇಳಿದ್ದ. ಹಾಕುವ ಮೊದಲೇ ಹೇಳಿದ್ದ. ಅವನು ಪೈಪನ್ನು ತೆಳು ಮಾಡಿರಲಿಲ್ಲ.

"ಯಾರಿಗೆ ಹೇಳಿದ್ದ?" ಎಂದ ಮಾಬುಸಾಬ್.

"ನನಗ" ಎಂದೆ.

ಮಾಬುಸಾಬ್ ಎರಡೂ ಕೈ ಊರಿ ಮೈಯನ್ನು ಉರುಕುಂದಪ್ಪನ ಕಡೆಗೆ ತಿರುಗಿಸಿದ. ಬೆನ್ನು ನನ್ನ ಕಡೆಗೆ ಬಂತು.

"ನನಗ ಬಂದು ಹೇಳಬಾರದಿತ್ತೇನೋ, ಭಾಯಿ?"

"ಬಂದಿದ್ದೆ. ಮೂರು ಸಲ ಬಂದಿದ್ದೆ. ನಿಮ್ಮ ಮನಿಯಾಗ ಬಾಗಲಾ ತೆಗೀಲಿಲ್ಲ."

"ತೆಗೀಬ್ಯಾಡ್ರಿ ಅಂತ ನಾನೇ ಹೇಳಿದ್ದೆ" ಎಂದ ಮಾಬುಸಾಬ್.

ಮಂಚದ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ. ಉರುಕುಂದಪ್ಪ ಕೂತ. ಮಾಬುಸಾಬ್ ಅಳತೊಡಗಿದ. ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳಲು ಅವನ ಕುತ್ತಿಗೆ ಬಾಗಲಿಲ್ಲ. ಹಾಗೇ ನೆಟ್ಟಗೆ ಕೂತು ಅತ್ತ. ಉರುಕುಂದಪ್ಪ ಹೆಗಲ ಟವಲಿನ ತುದಿಯಿಂದ ಅವನ ಕೆನ್ನೆ ಒರೆಸುತ್ತಿದ್ದ. ನನಗೆ ಕೂರು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಾನಲ್ಲಿ ಇದ್ದೇನೆಂಬುದು ಅವರಿಬ್ಬರಿಗೂ ಮರೆತುಹೋಗಿತ್ತು.